ತೂಕ ಇಳಿಸುವ ಇಂಜೆಕ್ಷನ್ ಶುರುಮಾಡಿದ ಮೇಲೆ ಮನಸ್ಸು ಮಂಕಾಗಿದೆ, ಇದು ಔಷಧದ್ದೇ ಕೆಲಸವಾ?

ಪ್ರಶ್ನೆ: ನನಗೆ 43 ವರ್ಷ. ತೂಕ 94 ಕೆಜಿ ಇತ್ತು. ನಾಲ್ಕು ತಿಂಗಳಿಂದ ವಾರಕ್ಕೊಮ್ಮೆ ಸೆಮಾಗ್ಲುಟೈಡ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದೇನೆ. ಈಗ 84ಕ್ಕೆ ಬಂದಿದ್ದೇನೆ. ಮಂಡಿ ನೋವು ಕಡಿಮೆಯಾಗಿದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದಿಲ್ಲ. ಆದರೆ ಎರಡು ತಿಂಗಳಿಂದ ಯಾವುದರಲ್ಲೂ ಆಸಕ್ತಿ ಇಲ್ಲ. ಸಂಜೆ ಹಾಡು ಕೇಳುವ ಅಭ್ಯಾಸವಿತ್ತು, ಅದೂ ಬೇಡವಾಗಿದೆ. ಮಗಳು ತಮಾಷೆ ಮಾಡಿದರೂ ನಗು ಬರುವುದಿಲ್ಲ. ಅವಳು ಹುಟ್ಟಿದಾಗ ನನಗೆ ಖಿನ್ನತೆ ಬಂದು ಎರಡು ವರ್ಷ ಮಾತ್ರೆ ತೆಗೆದುಕೊಂಡಿದ್ದೆ. ಯಜಮಾನರು "ಎಲ್ಲ ಇಂಜೆಕ್ಷನ್ನಿಂದಲೇ, ನಿಲ್ಲಿಸು" ಅನ್ನುತ್ತಾರೆ. ಅದೇ ಔಷಧ ತೆಗೆದುಕೊಳ್ಳುವ ಗೆಳತಿ "ನಾನು ಇಷ್ಟು ಖುಷಿಯಾಗಿ ಯಾವತ್ತೂ ಇರಲಿಲ್ಲ" ಅನ್ನುತ್ತಾಳೆ. ಮುಂದಿನ ವಾರ ಡೋಸ್ 1.7ರಿಂದ 2.4 ಮಿಲಿಗ್ರಾಂಗೆ ಏರಿಸಬೇಕು. ಕೆಲವು ಸಲ ಬೆಳಿಗ್ಗೆ ಏಳದೇ ಇದ್ದರೇ ಚೆನ್ನಾಗಿತ್ತು ಅನ್ನಿಸುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನ ಹಿಂದಿನ ಸಾಲಿನಿಂದಲೇ ಶುರು ಮಾಡುತ್ತೇನೆ. "ಏಳದೇ ಇದ್ದರೇ ಚೆನ್ನಾಗಿತ್ತು" ಅನ್ನುವ ಮಾತನ್ನು ನೀವು ತೂಕ, ಡೋಸ್, ಮಂಡಿ ನೋವು ಎಲ್ಲ ಬರೆದಾದ ಮೇಲೆ, ಸುಮ್ನೆ ಒಂದು ಮಾತು ಅನ್ನುವ ಹಾಗೆ ಬರೆದಿದ್ದೀರಿ. ನನಗೆ ಅದೇ ಎಲ್ಲಕ್ಕಿಂತ ಮುಖ್ಯ. ಔಷಧದಿಂದ ಬಂದಿರಲಿ, ಬೇರೆ ಯಾವುದರಿಂದಲೋ ಬಂದಿರಲಿ, ಈ ಯೋಚನೆ ಬಂದಿದೆ ಅಂದರೆ ಈ ವಾರವೇ ಡಾಕ್ಟರನ್ನು ನೋಡಬೇಕು. ಮುಂದಿನ ತಿಂಗಳ ತಪಾಸಣೆವರೆಗೆ ಕಾಯಬೇಡಿ. ಅವರನ್ನು ನೋಡುವವರೆಗೆ ಡೋಸ್ ಏರಿಸಲೂ ಬೇಡಿ. ಸಾಯಬೇಕು ಅಂತಲೇ ಅನ್ನಿಸಿದರೆ, ಹೇಗೆ ಯಾವಾಗ ಅಂತ ಮನಸ್ಸು ಲೆಕ್ಕ ಹಾಕತೊಡಗಿದರೆ, ಆಗ ಒಂದು ಗಂಟೆಯೂ ಒಬ್ಬರೇ ಇರಬಾರದು. ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಲ್ಲಿಂದಲೇ ತುರ್ತು ಸಹಾಯಕ್ಕೆ ಫೋನ್ ಮಾಡಿ, ಇಲ್ಲವೇ ನೇರವಾಗಿ ಆಸ್ಪತ್ರೆಗೆ ಹೋಗಿ. ಇದನ್ನು ಹೇಳಿಕೊಳ್ಳುವುದಕ್ಕೆ ನಾಚಿಕೆ ಬೇಡ. ಇಂಥ ಮಾತು ಕೇಳಿದರೆ ಡಾಕ್ಟರು ಬೈಯುವುದಿಲ್ಲ. ಹೇಳಿದಿರಲ್ಲ ಅಂತ ಸಮಾಧಾನಪಡುತ್ತಾರೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಯಜಮಾನರು ಹೇಳುವುದು ಸರಿಯಾ, ಗೆಳತಿ ಹೇಳುವುದು ಸರಿಯಾ?

ಇಬ್ಬರೂ ತಾವು ಕಂಡದ್ದನ್ನೇ ಹೇಳುತ್ತಿದ್ದಾರೆ. ಆದರೆ ಯಜಮಾನರ ಭಯಕ್ಕೆ ಹಿನ್ನೆಲೆ ಇದೆ. ಅದನ್ನು ಮೊದಲು ಹೇಳುತ್ತೇನೆ. 2006ರಲ್ಲಿ ಯುರೋಪಿನಲ್ಲಿ ರಿಮೊನಾಬಾಂಟ್ ಅನ್ನುವ ತೂಕ ಇಳಿಸುವ ಮಾತ್ರೆಗೆ ಅನುಮತಿ ಸಿಕ್ಕಿತು. ಅದು ಮೆದುಳಿನಲ್ಲಿ ಗಾಂಜಾ ಯಾವ ಗ್ರಾಹಕಗಳ (ಅಂದರೆ ಹಾರ್ಮೋನು, ಔಷಧಗಳು ಬಂದು ಕೂರುವ ಜಾಗಗಳ) ಮೇಲೆ ಕೆಲಸ ಮಾಡುತ್ತದೋ ಅದೇ ಗ್ರಾಹಕಗಳಿಗೆ ಅಡ್ಡ ಕೂರುತ್ತಿತ್ತು. ಹಸಿವು ಕಡಿಮೆಯಾಗುತ್ತಿತ್ತು, ನಿಜ. ಅದರ ಜೊತೆಗೆ ಖುಷಿಯೂ ಕಡಿಮೆಯಾಗುತ್ತಿತ್ತು. ಖಿನ್ನತೆ, ಆತಂಕ, ಆತ್ಮಹತ್ಯೆಯ ಯೋಚನೆಗಳು ಜಾಸ್ತಿಯಾದವು. 2008ರ ಅಕ್ಟೋಬರ್‌ನಲ್ಲಿ ಅದರ ಮಾರಾಟ ನಿಲ್ಲಿಸಿದರು. ಅಮೆರಿಕದಲ್ಲಿ ಅದಕ್ಕೆ ಅನುಮತಿಯೇ ಸಿಗಲಿಲ್ಲ. ಆವತ್ತಿನಿಂದ ಹಸಿವಿನ ಮೇಲೆ ಕೆಲಸ ಮಾಡುವ ಯಾವ ಹೊಸ ಔಷಧ ಬಂದರೂ ನಮ್ಮ ಕಡೆಯವರು, ಅಂದರೆ ಮಾನಸಿಕ ಆರೋಗ್ಯ ನೋಡುವವರು, ಮೊದಲು ಕೇಳುವುದು ಇದನ್ನೇ: ಇದು ಮನಸ್ಸಿಗೆ ಏನು ಮಾಡುತ್ತದೆ?

ಸೆಮಾಗ್ಲುಟೈಡ್ ಕೆಲಸ ಮಾಡುವ ದಾರಿ ಬೇರೆ. ಊಟ ಮಾಡಿದಾಗ ನಮ್ಮ ಕರುಳಿನಲ್ಲಿ ಜಿಎಲ್‌ಪಿ-1 ಅನ್ನುವ ಹಾರ್ಮೋನು ಹೊರಡುತ್ತದೆ. "ಸಾಕು, ಹೊಟ್ಟೆ ತುಂಬಿತು" ಅಂತ ಸುದ್ದಿ ಮುಟ್ಟಿಸುವ ಹಾರ್ಮೋನುಗಳಲ್ಲಿ ಅದೂ ಒಂದು. ನಿಜವಾದ ಜಿಎಲ್‌ಪಿ-1 ರಕ್ತದಲ್ಲಿ ಕೆಲವೇ ನಿಮಿಷ ಇರುತ್ತದೆ. ಅದನ್ನೇ ಹೋಲುವ ಈ ಔಷಧ ಒಂದು ವಾರ ಕಳೆದರೂ ಅರ್ಧದಷ್ಟು ಉಳಿದಿರುತ್ತದೆ. ಅದಕ್ಕೇ ವಾರಕ್ಕೊಂದು ಇಂಜೆಕ್ಷನ್ ಸಾಕು. ಮಧುಮೇಹಕ್ಕೆ ಕೊಡುವ ಓಜೆಂಪಿಕ್, ತೂಕಕ್ಕೆ ಕೊಡುವ ವೆಗೋವಿ, ಎರಡರಲ್ಲೂ ಇರುವುದು ಇದೇ ಸೆಮಾಗ್ಲುಟೈಡ್. ಮೌಂಜಾರೊ ಅನ್ನುವ ಇನ್ನೊಂದು ಇಂಜೆಕ್ಷನ್ನಿನಲ್ಲಿ ಇರುವ ಟಿರ್ಜೆಪಟೈಡ್ ಇನ್ನೊಂದು ಹಾರ್ಮೋನಿನ ಕೆಲಸವನ್ನೂ ಸೇರಿಸಿ ಮಾಡುತ್ತದೆ.

ಈ ಗುಂಪಿನ ಔಷಧಗಳ ಮೇಲೂ ಅನುಮಾನ ಬಂತು. 2023ರ ಜುಲೈಯಲ್ಲಿ ಐಸ್‌ಲ್ಯಾಂಡ್‌ನಿಂದ ಕೆಲವು ವರದಿಗಳು ಬಂದವು. ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದವರಿಗೆ ಸಾಯುವ ಯೋಚನೆ, ತಮ್ಮನ್ನೇ ಗಾಯ ಮಾಡಿಕೊಳ್ಳುವ ಯೋಚನೆ ಬಂದಿತ್ತು. ಯುರೋಪಿನ ಔಷಧ ಸಂಸ್ಥೆ ಪರಿಶೀಲನೆಗೆ ಕೂತಿತು. 2024ರ ಏಪ್ರಿಲ್‌ನಲ್ಲಿ, ಔಷಧವೇ ಇದಕ್ಕೆ ಕಾರಣ ಅನ್ನಲು ಆಧಾರವಿಲ್ಲ ಅಂತ ಹೇಳಿತು. ಅಮೆರಿಕದ ಔಷಧ ಇಲಾಖೆಯೂ ಅದೇ ವರ್ಷ ಜನವರಿಯಲ್ಲಿ ಹೀಗೇ ಹೇಳಿತ್ತು, ಆದರೆ ಸಣ್ಣದೊಂದು ಅಪಾಯ ಇರಲಾರದು ಅಂತ ಖಡಾಖಂಡಿತವಾಗಿ ಹೇಳಲು ಆಗ ಒಪ್ಪಲಿಲ್ಲ. ಇನ್ನಷ್ಟು ಪ್ರಯೋಗಗಳ ಲೆಕ್ಕ ಒಟ್ಟು ಹಾಕಿ ನೋಡಿದ ಮೇಲೆ, 2026ರ ಜನವರಿಯಲ್ಲಿ, ತೂಕದ ಇಂಜೆಕ್ಷನ್‌ಗಳ ಮಾಹಿತಿ ಪತ್ರದಲ್ಲಿದ್ದ ಆತ್ಮಹತ್ಯೆ ಯೋಚನೆಯ ಎಚ್ಚರಿಕೆಯನ್ನು ತೆಗೆಯಿರಿ ಅಂತ ಕಂಪನಿಗಳನ್ನು ಕೇಳಿತು.

2024ರಲ್ಲಿ ಬಂದ ಒಂದು ದೊಡ್ಡ ಅಧ್ಯಯನವನ್ನೂ ಹೇಳಬೇಕು. ತೂಕ ಜಾಸ್ತಿ ಇದ್ದ 2,40,618 ಜನರ ಆಸ್ಪತ್ರೆ ದಾಖಲೆಗಳನ್ನು ನೋಡಿದರು. ಸೆಮಾಗ್ಲುಟೈಡ್ ತೆಗೆದುಕೊಂಡವರಲ್ಲಿ ಹೊಸದಾಗಿ ಆತ್ಮಹತ್ಯೆ ಯೋಚನೆ ದಾಖಲಾದದ್ದು, ತೂಕಕ್ಕೆ ಬೇರೆ ಔಷಧ ತೆಗೆದುಕೊಂಡವರಿಗಿಂತ ಕಡಿಮೆ. ಜಾಸ್ತಿಯಂತೂ ಅಲ್ಲ. ಹೀಗಾಗಿ ನಿಮ್ಮ ಗೆಳತಿ ಅಪರೂಪದವರೇನಲ್ಲ. ತೂಕ ಇಳಿದ ಮೇಲೆ ಮನಸ್ಸು ಹಗುರವಾದವರು ತುಂಬ ಜನ ಇದ್ದಾರೆ. ಊಟದ ಬಗ್ಗೆಯೇ ಬೆಳಗಿನಿಂದ ರಾತ್ರಿವರೆಗೆ ತಲೆಯಲ್ಲಿ ನಡೆಯುತ್ತಿದ್ದ ಗದ್ದಲ ನಿಂತುಹೋಯಿತು, ಎಷ್ಟು ನೆಮ್ಮದಿ ಅಂತ ನನ್ನ ಎದುರು ಕೂತು ಅತ್ತವರೂ ಇದ್ದಾರೆ.

ಆದರೆ ಇಲ್ಲೊಂದು ಮಾತಿದೆ. ಇದು ನಿಮಗೆ ನೇರವಾಗಿ ತಾಗುವ ಮಾತು.

ಸೆಮಾಗ್ಲುಟೈಡನ್ನು ತೂಕಕ್ಕಾಗಿ ಪರೀಕ್ಷಿಸಿದ ಮುಖ್ಯ ಪ್ರಯೋಗಗಳಲ್ಲಿ ಖಿನ್ನತೆಯ ಅಂಕ ಏರಲಿಲ್ಲ. ಸರಿ. ಆದರೆ ಆ ಪ್ರಯೋಗಗಳಿಗೆ ಸೇರಿಸಿಕೊಳ್ಳುವಾಗಲೇ, ಹಿಂದಿನ ಎರಡು ವರ್ಷದಲ್ಲಿ ತೀವ್ರ ಖಿನ್ನತೆ ಬಂದವರನ್ನು, ಗಂಭೀರ ಮಾನಸಿಕ ಕಾಯಿಲೆ ಇದ್ದವರನ್ನು, ಹಿಂದೆ ಯಾವಾಗಲಾದರೂ ಆತ್ಮಹತ್ಯೆಗೆ ಪ್ರಯತ್ನಿಸಿದವರನ್ನು ಹೊರಗಿಟ್ಟಿದ್ದರು. ಅಂದರೆ ಮನಸ್ಸು ಗಟ್ಟಿಯಾಗಿದ್ದವರ ಮೇಲೆ ನೋಡಿದ ಫಲಿತಾಂಶ ಅದು. ನಿಮ್ಮ ಖಿನ್ನತೆ ಹಳೆಯದು, ಗುಣವಾಗಿದೆ. ಹಾಗಾಗಿ ನಿಮ್ಮನ್ನು ಆ ಪ್ರಯೋಗಕ್ಕೆ ಸೇರಿಸಿಕೊಳ್ಳುತ್ತಿದ್ದರೋ ಏನೋ. ಆದರೂ ಒಮ್ಮೆ ಖಿನ್ನತೆ ಬಂದವರಿಗೆ ಅದು ಮತ್ತೆ ಬರುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. "ಸಾವಿರಾರು ಜನರಿಗೆ ಏನೂ ಆಗಿಲ್ಲ" ಅನ್ನುವ ಲೆಕ್ಕ ತೋರಿಸಿ ನಿಮ್ಮ ಅನುಭವವನ್ನು ಯಾರೂ ತಳ್ಳಿಹಾಕಬಾರದು. ಹಾಗೆಯೇ ಯಜಮಾನರ ಮಾತು ಕೇಳಿ, ಎಲ್ಲವನ್ನೂ ಇಂಜೆಕ್ಷನ್ ತಲೆಗೆ ಕಟ್ಟಿ ನಿಲ್ಲಿಸಿಬಿಟ್ಟರೆ, ನಿಜವಾದ ಕಾರಣ ಬೇರೆ ಇದ್ದಲ್ಲಿ ಅದು ಹಾಗೇ ಉಳಿದುಬಿಡುತ್ತದೆ.

ಹಾಗಾದರೆ ಏನಾಗುತ್ತಿರಬಹುದು? ನನಗೆ ತೋಚಿದ್ದನ್ನು ಹೇಳುತ್ತೇನೆ.

ಮೊದಲು ನಾನು ನೋಡುವುದು ಹೊಟ್ಟೆಯನ್ನು. ನಗಬೇಡಿ, ಇದು ಗಂಭೀರ ವಿಷಯ. ಒಬ್ಬರು ನನ್ನ ಬಳಿ ಬಂದಿದ್ದರು. ಐವತ್ತರ ಆಸುಪಾಸು. ಅವರದೂ ಇದೇ ದೂರು. ಸಿಟ್ಟು, ಅಳು, ಯಾರ ಜೊತೆಯೂ ಮಾತು ಬೇಡ. ಎರಡು ವಾರ ಒಂದು ಪುಸ್ತಕದಲ್ಲಿ ಬರೆದುಕೊಂಡು ಬನ್ನಿ ಅಂದೆ. ತಾರೀಕು, ತಿಂದದ್ದು, ಮನಸ್ಸು ಹೇಗಿತ್ತು, ಇಷ್ಟೇ. ಶುಕ್ರವಾರ ರಾತ್ರಿ ಇಂಜೆಕ್ಷನ್. ಶನಿವಾರದ ಎದುರು "ವಾಕರಿಕೆ, ಎರಡು ಬಿಸ್ಕತ್ತು" ಅಂತ ಬರೆದಿದ್ದರು. ಭಾನುವಾರದ ಎದುರು "ಮಧ್ಯಾಹ್ನ ನಾಲ್ಕು ತುತ್ತು, ರಾತ್ರಿ ಏನೂ ಇಲ್ಲ." ಮನಸ್ಸಿನ ಸಾಲಿನಲ್ಲಿ "ಎಲ್ಲರ ಮೇಲೂ ರೇಗಾಟ." ಸೋಮವಾರ "ಅಳು." ಬುಧವಾರ "ಪರವಾಗಿಲ್ಲ." ಗುರುವಾರ "ಚೆನ್ನಾಗಿದ್ದೆ." ಮುಂದಿನ ವಾರವೂ ಹೆಚ್ಚುಕಡಿಮೆ ಹಾಗೇ. ಪುಸ್ತಕ ನನ್ನ ಮೇಜಿನ ಮೇಲಿಟ್ಟಾಗ ಅವರೇ ಬೆರಳಿಟ್ಟು ತೋರಿಸಿದರು, "ನೋಡಿ, ಹೊಟ್ಟೆಗೆ ಬಿದ್ದ ದಿನ ನಾನು ಮನುಷ್ಯಳಾಗಿರ್ತೀನಿ." ಔಷಧ ಬರೆದುಕೊಟ್ಟ ಡಾಕ್ಟರ ಜೊತೆ ಮಾತಾಡಿ ಡೋಸನ್ನು ಒಂದು ಮೆಟ್ಟಿಲು ಇಳಿಸಿದೆವು. ಹಸಿವಿಲ್ಲದಿದ್ದರೂ ಗಡಿಯಾರ ನೋಡಿ ಸ್ವಲ್ಪ ಸ್ವಲ್ಪ ತಿನ್ನುವುದನ್ನು ಅಭ್ಯಾಸ ಮಾಡಿಸಿದೆವು. ಆಮೇಲೆ ಅವರ ಪುಸ್ತಕದಲ್ಲಿ "ಅಳು" ಅಪರೂಪವಾಯಿತು.

ಇಂಜೆಕ್ಷನ್ ಹಸಿವನ್ನು ಮಾತ್ರ ತೆಗೆಯುತ್ತದೆ. ದೇಹಕ್ಕೆ ಊಟದ ಅಗತ್ಯವೇನೂ ಕಡಿಮೆಯಾಗುವುದಿಲ್ಲ. ದಿನಗಟ್ಟಲೆ ಅರೆಹೊಟ್ಟೆಯಲ್ಲಿದ್ದರೆ ಯಾರಿಗಾದರೂ ಸಿಟ್ಟು ಬರುತ್ತದೆ, ನಿದ್ದೆ ಕೆಡುತ್ತದೆ, ತಲೆ ಓಡುವುದಿಲ್ಲ. ವಿಟಮಿನ್ ಬಿ12, ಕಬ್ಬಿಣದ ಅಂಶ ಕಡಿಮೆಯಾದರೆ ಸುಸ್ತು, ಮಂಕು ಎರಡೂ ಬರುತ್ತವೆ. ಮೆಟ್‌ಫಾರ್ಮಿನ್ ಅನ್ನುವ ಮಧುಮೇಹದ ಮಾತ್ರೆ ಕೂಡ ತೆಗೆದುಕೊಳ್ಳುತ್ತಿದ್ದರೆ ಬಿ12 ಬಗ್ಗೆ ಇನ್ನೂ ಹುಷಾರಾಗಿರಬೇಕು. ವಾರಗಟ್ಟಲೆ ವಾಂತಿ ನಿಲ್ಲದಿದ್ದರೆ ಬಿ1 ಕೂಡ ಖಾಲಿಯಾಗಬಹುದು. ಅದು ಅಪರೂಪ, ಆದರೆ ಗೊಂದಲ, ತೂರಾಟ, ಎರಡೆರಡಾಗಿ ಕಾಣುವುದು ಶುರುವಾದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವವರಾದರೆ ಇನ್ನೊಂದು ವಿಷಯ. ಊಟ ಕಡಿಮೆಯಾಗಿ ಸಕ್ಕರೆ ಇಳಿದಾಗ ಎದೆ ಡವಡವ, ಬೆವರು, ನಡುಕ ಬರುತ್ತವೆ. ಅದನ್ನೇ ಆತಂಕದ ಕಾಯಿಲೆ ಅಂದುಕೊಂಡು ನನ್ನ ಬಳಿ ಬರುತ್ತಾರೆ. ಈ ಔಷಧ ಒಂದಿಷ್ಟು ನಾಡಿಬಡಿತವನ್ನೂ ಏರಿಸುತ್ತದೆ. ನಿಮಿಷಕ್ಕೆ ಒಂದೆರಡು ಬಡಿತ ಏರಿದರೆ ಬಹಳ ಜನಕ್ಕೆ ಗೊತ್ತೇ ಆಗುವುದಿಲ್ಲ, ಮೊದಲೇ ಆತಂಕದ ಸ್ವಭಾವ ಇದ್ದವರಿಗೆ ಗೊತ್ತಾಗುತ್ತದೆ.

ಎರಡನೆಯದು, ಊಟ ಬಿಟ್ಟುಹೋದ ಜಾಗ. ಇದರ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ ಅನ್ನುವುದು ನನ್ನ ದೊಡ್ಡ ತಕರಾರು. ಹೆಂಡತಿ ತೀರಿಹೋದ ಮೇಲೆ ಮೂರು ವರ್ಷದಲ್ಲಿ ತುಂಬ ದಪ್ಪಗಾಗಿದ್ದ ಒಬ್ಬರು ಇಂಜೆಕ್ಷನ್ ಶುರುಮಾಡಿದ್ದರು. ತೂಕ ಚೆನ್ನಾಗಿ ಇಳಿಯುತ್ತಿತ್ತು. ಆದರೆ ಅವರು ಹೇಳಿದ್ದು ಇದು: "ಡಾಕ್ಟ್ರೇ, ಹಸಿವು ಹೋಗಿದೆ. ಈಗ ರಾತ್ರಿ ಎಂಟು ಗಂಟೆಗೆ ಏನು ಮಾಡಬೇಕು ಅಂತಲೇ ಗೊತ್ತಾಗ್ತಿಲ್ಲ." ಆ ಎಂಟು ಗಂಟೆಯ ಊಟ ಅವರ ದುಃಖಕ್ಕೆ ಮುಚ್ಚಳ ಆಗಿತ್ತು. ಮುಚ್ಚಳ ತೆಗೆದ ಕೂಡಲೇ ಮೂರು ವರ್ಷ ಹಳೆಯ ದುಃಖ ಹೊಸದಾಗಿ ಎದ್ದು ಕೂತಿತು. ಇದನ್ನು ಔಷಧದ ಅಡ್ಡಪರಿಣಾಮ ಅನ್ನಲಾರೆ. ಔಷಧಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅನ್ನಲೂ ಆರೆ. ಅವರಿಗೆ ಬೇಕಾಗಿದ್ದು ಮಾತಾಡುವ ಒಂದು ಜಾಗ, ಎಂಟು ಗಂಟೆಗೆ ಮಾಡಲು ಒಂದು ಕೆಲಸ. ಸಿಟ್ಟಾಗಲಿ, ಒಂಟಿತನವಾಗಲಿ, ಬೇಜಾರಾಗಲಿ, ತಿಂದು ಸಮಾಧಾನ ಮಾಡಿಕೊಳ್ಳುತ್ತಿದ್ದ ಎಲ್ಲರಿಗೂ ಇದು ಬರಬಹುದು. ನಿಮಗೂ ಹಾಗೊಂದು ಅಭ್ಯಾಸ ಇತ್ತಾ, ಒಮ್ಮೆ ಯೋಚಿಸಿ ನೋಡಿ.

ಮೂರನೆಯದು, ಖುಷಿಯೇ ಚಪ್ಪಟೆಯಾಗುವುದು. ಹಾಡು ಬೇಡ, ನಗು ಬರುವುದಿಲ್ಲ ಅಂತ ನೀವು ಬರೆದದ್ದು ಇದೇ. ಜಿಎಲ್‌ಪಿ-1ರ ಗ್ರಾಹಕಗಳು ಹಸಿವಿನ ಕೇಂದ್ರದಲ್ಲಿ ಮಾತ್ರ ಇಲ್ಲ. "ಬೇಕು, ಇನ್ನೂ ಬೇಕು" ಅನ್ನಿಸುವ ಮೆದುಳಿನ ಭಾಗಗಳಲ್ಲೂ ಇವೆ. 2025ರಲ್ಲಿ ಪ್ರಕಟವಾದ 48 ಜನರ ಸಣ್ಣ ಪ್ರಯೋಗವೊಂದರಲ್ಲಿ ಕಡಿಮೆ ಡೋಸ್ ಸೆಮಾಗ್ಲುಟೈಡ್ ಮದ್ಯದ ಸೆಳೆತವನ್ನು ಕಡಿಮೆ ಮಾಡಿತು. ಕುಡಿತ ಬಿಡಬೇಕು ಅನ್ನುವವರಿಗೆ ಒಳ್ಳೆಯ ಸುದ್ದಿ ಅಲ್ವಾ? ಆದರೆ ಊಟ, ಮದ್ಯದ ಸೆಳೆತವನ್ನು ತಗ್ಗಿಸುವ ಔಷಧ ಕೆಲವರಲ್ಲಿ ಹಾಡು, ಹರಟೆ, ದಾಂಪತ್ಯದ ಆಸೆಯನ್ನೂ ತಗ್ಗಿಸುತ್ತಾ? ಕೆಲವು ರೋಗಿಗಳು ಹೌದು ಅನ್ನುತ್ತಾರೆ. ದೊಡ್ಡ ಅಧ್ಯಯನಗಳ ಲೆಕ್ಕದಲ್ಲಿ ಇದು ಎದ್ದು ಕಾಣುವುದಿಲ್ಲ. ಆದರೂ ರೋಗಿ ಹೇಳಿದರೆ ನಾನು ನಂಬುತ್ತೇನೆ. ಡೋಸ್ ಏರಿದ ಹಾಗೆ ಏರಿ, ಇಳಿದ ಹಾಗೆ ಇಳಿದರೆ ಔಷಧದ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ನಿಮಗೆ ಇದು ಶುರುವಾದದ್ದು ಎರಡು ತಿಂಗಳ ಹಿಂದೆ. ಸಾಮಾನ್ಯವಾಗಿ 0.25ರಲ್ಲಿ ಶುರುಮಾಡಿ ನಾಲ್ಕು ವಾರಕ್ಕೊಮ್ಮೆ 0.5, 1, 1.7 ಅಂತ ಏರಿಸುತ್ತಾರೆ. ಆ ಲೆಕ್ಕದಲ್ಲಿ ನೀವು 1 ಮಿಲಿಗ್ರಾಂಗೆ ಬಂದ ಸಮಯ ಅದು. ಇದನ್ನು ಡಾಕ್ಟರಿಗೆ ತಾರೀಕು ಸಮೇತ ಹೇಳಿ.

ನಾಲ್ಕನೆಯದು, ಹಳೆಯ ಖಿನ್ನತೆಯೇ ಮತ್ತೆ ಬಂದಿರುವುದು. ನಿಮ್ಮ ವಿಷಯದಲ್ಲಿ ನನಗೆ ಇದರ ಮೇಲೇ ಹೆಚ್ಚು ಅನುಮಾನ. ಹೆರಿಗೆಯ ನಂತರ ಖಿನ್ನತೆ ಬಂದಿತ್ತು. ಈಗ 43. ಮುಟ್ಟು ನಿಲ್ಲುವ ಮೊದಲಿನ ವರ್ಷಗಳಲ್ಲಿ ಹಾರ್ಮೋನು ಏರುಪೇರಾಗಿ ಖಿನ್ನತೆ ಮರಳಿ ಬರುವುದು ಹೆಚ್ಚು. ಮುಟ್ಟು ಹಿಂದೆಮುಂದೆ ಆಗುತ್ತಿದೆಯಾ, ರಾತ್ರಿ ಮೈ ಬಿಸಿಯಾಗಿ ಎಚ್ಚರವಾಗುತ್ತದೆಯಾ, ಇದನ್ನೂ ಹೇಳಿ. ಥೈರಾಯ್ಡ್ ಪರೀಕ್ಷೆ ಮಾಡಿಸಿ ವರ್ಷವಾಗಿದ್ದರೆ ಮಾಡಿಸಿ. ಇಂಜೆಕ್ಷನ್ ಶುರುವಾದ ಸಮಯಕ್ಕೇ ಇದೂ ಬಂತು ಅಂದ ಮಾತ್ರಕ್ಕೆ ಒಂದರಿಂದ ಇನ್ನೊಂದು ಬಂತು ಅಂತಲ್ಲ.

ಇನ್ನೊಂದು ವಿಷಯವನ್ನು ಕೇಳಲೇಬೇಕು. ಊಟ ಬಿಟ್ಟಷ್ಟೂ ಒಳಗೊಳಗೇ ಗೆದ್ದ ಹಾಗೆ ಅನ್ನಿಸುತ್ತದೆಯಾ? ತಿಂದರೆ ತಪ್ಪು ಮಾಡಿದ ಹಾಗೆ ಆಗುತ್ತದೆಯಾ? ಹಿಂದೆ ಯಾವಾಗಲಾದರೂ ತಿಂದು ವಾಂತಿ ಮಾಡಿಕೊಂಡಿದ್ದುಂಟಾ? ಉಂಟು ಅಂದರೆ ಅದನ್ನು ಮುಚ್ಚಿಡಬೇಡಿ. ಊಟದ ಕಾಯಿಲೆ ಇರುವವರ ಕೈಗೆ ಈ ಇಂಜೆಕ್ಷನ್ ಸಿಕ್ಕರೆ ಉಪವಾಸಕ್ಕೆ ಅನುಮತಿ ಸಿಕ್ಕ ಹಾಗಾಗುತ್ತದೆ. ತೂಕದ ಯಂತ್ರದ ಮೇಲೆ ಅಂಕಿ ಇಳಿಯುತ್ತಿರುವುದರಿಂದ ಮನೆಯವರೂ ಶಭಾಷ್ ಅನ್ನುತ್ತಾರೆ. ಯಾರಿಗೂ ಗೊತ್ತಾಗುವುದಿಲ್ಲ.

ಹಾಗಾದರೆ ನಿಲ್ಲಿಸಬೇಕಾ? ಹೆದರಿ, ಯಾರಿಗೂ ಹೇಳದೆ ನೀವೇ ನಿಲ್ಲಿಸಬೇಡಿ. ಕಾರಣ ಹೇಳುತ್ತೇನೆ. ಈ ಔಷಧ ನಿಲ್ಲಿಸಿದ ಮೇಲೂ ಮೈಯಿಂದ ಪೂರ್ತಿ ಹೋಗಲು ಸುಮಾರು ಐದು ವಾರ ಬೇಕು. ಇವತ್ತು ಬಿಟ್ಟರೆ ನಾಳೆ ಮನಸ್ಸು ತಿಳಿಯಾಗುತ್ತದೆ ಅಂತ ಕಾದು ಕೂತರೆ ನಿರಾಸೆಯಾಗುತ್ತದೆ. ಅಷ್ಟರಲ್ಲಿ ಹಸಿವು ವಾಪಸ್ ಬರುತ್ತದೆ. ಒಂದು ಪ್ರಯೋಗದಲ್ಲಿ ಔಷಧ ನಿಲ್ಲಿಸಿದವರಿಗೆ ಒಂದು ವರ್ಷದೊಳಗೆ ಇಳಿದಿದ್ದ ತೂಕದ ಮೂರನೇ ಎರಡು ಭಾಗ ಮರಳಿ ಬಂತು. "ನನ್ನ ಕೈಲಿ ಆಗಲಿಲ್ಲ" ಅನ್ನುವ ಸೋಲಿನ ಭಾವನೆ ಖಿನ್ನತೆಗೆ ತುಪ್ಪ ಸುರಿದ ಹಾಗೆ. ಅದು ಸೋಲಲ್ಲ. ಔಷಧ ನಿಂತರೆ ಅದರ ಕೆಲಸವೂ ನಿಲ್ಲುತ್ತದೆ, ಅಷ್ಟೇ. ಆದರೆ ಮಂಕು ಕವಿದ ಮನಸ್ಸಿಗೆ ಅದು ಹಾಗೆ ಕಾಣುವುದಿಲ್ಲ. ನಿಲ್ಲಿಸುವುದೇ ಸರಿ ಅಂತಾದರೆ ಡಾಕ್ಟರ ಜೊತೆ ಕೂತು, ಆಮೇಲೆ ಏನು ಅನ್ನುವುದನ್ನು ಗೊತ್ತುಮಾಡಿಕೊಂಡು ನಿಲ್ಲಿಸೋಣ.

ನಿಮ್ಮ ಹಾಗಿರುವವರು ನನ್ನ ಎದುರು ಕೂತಿದ್ದರೆ ನಾನು ಮಾಡುವುದು ಹೀಗೆ. ಮೊದಲು ಸಾಯುವ ಯೋಚನೆಯ ಬಗ್ಗೆ ಬಿಡಿಸಿ ಕೇಳುತ್ತೇನೆ. ಆ ಯೋಚನೆ ಜೋರಾಗಿದ್ದರೆ ಮುಂದಿನ ಇಂಜೆಕ್ಷನ್ನನ್ನು ಅಲ್ಲಿಗೇ ತಡೆಯುತ್ತೇನೆ, ತೂಕದ ಮಾತು ಆಮೇಲೆ. ಇಲ್ಲದಿದ್ದರೆ 1.7ರಲ್ಲೇ ಇರಿ, ಅಥವಾ 1ಕ್ಕೆ ಇಳಿಸೋಣ ಅನ್ನುತ್ತೇನೆ. 2.4ಕ್ಕೆ ಏರಲೇಬೇಕು ಅಂತ ಎಲ್ಲೂ ಬರೆದಿಲ್ಲ. 10 ಕೆಜಿ ಇಳಿದಿದೆ, ಮಂಡಿ ನೋವು ಕಡಿಮೆಯಾಗಿದೆ, ಅವಸರ ಏನಿದೆ? ರಕ್ತ ಪರೀಕ್ಷೆಗೆ ಬರೆಯುತ್ತೇನೆ. ಒಂಬತ್ತು ಪ್ರಶ್ನೆಗಳ ಖಿನ್ನತೆಯ ಪಟ್ಟಿಯೊಂದಿದೆ. ಕಳೆದ ಎರಡು ವಾರ ಹೇಗಿತ್ತು ಅಂತ ಕೇಳುತ್ತದೆ, ಒಟ್ಟು ಅಂಕ 27. 10 ಮುಟ್ಟಿದರೆ ಸುಮ್ಮನೆ ಕೂರುವ ಹಾಗಿಲ್ಲ. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಅದಕ್ಕೆ ಸೊನ್ನೆ ಬಿಟ್ಟು ಏನೇ ಬಂದರೂ, ಒಟ್ಟು ಅಂಕ ಎಷ್ಟೇ ಕಡಿಮೆ ಇರಲಿ, ನಾನು ಕೂತು ಮಾತಾಡುತ್ತೇನೆ. ಎರಡು ವಾರ ಬಿಟ್ಟು ಮತ್ತೆ ತುಂಬಿಸುತ್ತೇನೆ. ಅಂಕ ಏರಿದರೆ ದಾರಿ ಬದಲಿಸಬೇಕು.

ಖಿನ್ನತೆಗೆ ಮಾತ್ರೆ ಬೇಕಾಗಿ ಬಂದರೆ ಇಂಜೆಕ್ಷನ್ ಬಿಡಲೇಬೇಕು ಅಂತೇನಿಲ್ಲ. ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವವರು ಬಹಳ ಇದ್ದಾರೆ. ಹಿಂದೆ ಯಾವ ಮಾತ್ರೆ ನಿಮಗೆ ಒಗ್ಗಿತ್ತು ಅನ್ನುವುದು ನೆನಪಿದ್ದರೆ ಹೇಳಿ, ಹಳೆಯ ಚೀಟಿ ಇದ್ದರೆ ತೆಗೆದುಕೊಂಡು ಹೋಗಿ. ಇದನ್ನು ಓದುತ್ತಿರುವ ಬೇರೆ ಯಾರಾದರೂ ಮನಸ್ಸಿನ ವಿಪರೀತ ಏರಿಳಿತಕ್ಕೆ ಕೊಡುವ ಲಿಥಿಯಂ ತೆಗೆದುಕೊಳ್ಳುತ್ತಿದ್ದರೆ, ವಾಂತಿ ಭೇದಿಯಾಗಿ ಮೈಯಲ್ಲಿ ನೀರು ಕಡಿಮೆಯಾದಾಗ ರಕ್ತದಲ್ಲಿ ಲಿಥಿಯಂ ಏರುತ್ತದೆ. ಇಂಜೆಕ್ಷನ್ ಶುರುಮಾಡುವ ಮೊದಲೇ ಇಬ್ಬರೂ ಡಾಕ್ಟರುಗಳಿಗೆ ಹೇಳಿ.

ಯಜಮಾನರಿಗೆ ಒಂದು ಕೆಲಸ ಕೊಡಿ. "ನಿಲ್ಲಿಸು" ಅನ್ನುವ ಬದಲು ಅವರು ನಿಮ್ಮ ಜೊತೆ ಡಾಕ್ಟರ ಹತ್ತಿರ ಬರಲಿ. ನಿಮ್ಮಲ್ಲಿ ಬದಲಾವಣೆ ಯಾವಾಗ ಶುರುವಾಯಿತು ಅನ್ನುವುದು ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತಿರಬಹುದು. ಖಿನ್ನತೆಯ ಒಳಗಿದ್ದಾಗ ನಾವು ಹೀಗೇ ಇದ್ದೆವು ಅನ್ನಿಸಿಬಿಡುತ್ತದೆ. ಮನೆಯವರಿಗೆ ಮಾತ್ರ ಮೊದಲಿನ ನೀವು ನೆನಪಿರುತ್ತೀರಿ.

ಡಾಕ್ಟರ ಎದುರು ಕೂತಾಗ ಮಾತು ಹೊರಡದಿದ್ದರೆ ನನಗೆ ಬರೆದ ಈ ಪತ್ರವನ್ನೇ ಅವರ ಕೈಗೆ ಕೊಡಿ. ಬೇಕಾದದ್ದೆಲ್ಲ ಅದರಲ್ಲಿದೆ. "ಏಳದೇ ಇದ್ದರೇ ಚೆನ್ನಾಗಿತ್ತು" ಅನ್ನುವ ಸಾಲಿನ ಕೆಳಗೆ ಮಾತ್ರ ಒಂದು ಗೆರೆ ಎಳೆದುಕೊಂಡು ಹೋಗಿ, ಅವರ ಕಣ್ಣು ಮೊದಲು ಅಲ್ಲಿಗೇ ಬೀಳಲಿ.